ಘಟ್ಟದ ರಸ್ತೆ, ಹೆಡ್‌ಲೈಟ್, ಶಿಕಾರಿ: ಗೋವಾದಿಂದ ಊರಿಗೆ ಹೊರಟವರಿಗೆ

ಗೋವಾದಲ್ಲಿರುವ ನಮ್ಮ ಕಡೆಯವರು ಊರಿಗೆ ಹೋಗಬೇಕೆಂದರೆ ಕಾಡು ದಾಟಲೇಬೇಕು. ಬೆಳಗಾವಿ, ಧಾರವಾಡ, ಹುಬ್ಬಳ್ಳಿಗೆ ಹೊರಟರೆ ಅನ್ಮೋಡ ಇಲ್ಲವೇ ಚೋರ್ಲಾ ಘಟ್ಟ. ಕಾರವಾರಕ್ಕಾದರೆ ಕಾಣಕೋಣದ ಮೇಲೆ ದಾರಿ. ಅನ್ಮೋಡ ರಸ್ತೆ ಮೊಲ್ಲೆಮ್‌ನ ಭಗವಾನ್ ಮಹಾವೀರ ಅಭಯಾರಣ್ಯದ ಒಳಗೇ ಹಾಯುತ್ತದೆ. ಚೋರ್ಲಾ ಕಡೆ ಮಹದಾಯಿ ಅಭಯಾರಣ್ಯ, ಘಟ್ಟ ಹತ್ತಿ ಕಣಕುಂಬಿ ಮುಟ್ಟಿದರೆ ಭೀಮಗಡದ ಕಾಡು.

ನಾವು ಹೊರಡುವುದು ಜಾಸ್ತಿ ರಾತ್ರಿಯೇ. ಡ್ಯೂಟಿ ಮುಗಿಸಿ, ಊಟ ಮಾಡಿ, ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಹೊರಟರೆ ಬೆಳಗಿನ ಚಹಾಕ್ಕೆ ಊರಲ್ಲಿರಬಹುದು ಅನ್ನೋ ಲೆಕ್ಕ. ಬೆಳಗಾವಿಯಿಂದ ತರಕಾರಿ ತರುವ ಪಿಕಪ್‌ಗಳಂತೂ ರಾತ್ರಿಯಿಡೀ ಓಡುತ್ತವೆ. ಕಾಡಿನವು ರಸ್ತೆಗೆ ಬರುವ ಹೊತ್ತೂ ಅದೇ. ತಿರುವು ದಾಟುತ್ತಿದ್ದಂತೆ ಲೈಟಿಗೆ ಏನೋ ನಿಂತಿರುತ್ತದೆ, ಗಾಡಿಯೊಳಗಿಂದ ಒಬ್ಬರು ಕೂಗುತ್ತಾರೆ: “ಏ, ನಿಂದರ್ಸೋ ಮಾರಾಯಾ! ಹಂದಿ ನೋಡು ಹೆಂಗ ನಿಂತೈತಿ. ಒಂದು ಗುಂಡು ಹಾಕಿದ್ರ ಊರಿಗೆಲ್ಲಾ ಪಾಲು.”

ಬಹಳ ಸಲ ಅದು ಬರೀ ಬಾಯಿಮಾತು. ಕೆಲವು ಸಲ ಸೀಟಿನ ಕೆಳಗೆ ನಿಜವಾಗಿಯೂ ಕೋವಿ ಇರುತ್ತದೆ. ಎರಡೂ ಸಂದರ್ಭಕ್ಕೆ ಡ್ರೈವರ್ ಏನು ಮಾಡಬೇಕು, ಗಾಡಿಯಲ್ಲಿ ಕೂತವರು ಏನು ಮಾಡಬೇಕು, ದಾರಿಯಲ್ಲಿ ಬೇರೆಯವರ ಶಿಕಾರಿ ಕಣ್ಣಿಗೆ ಬಿದ್ದರೆ ಏನು ಮಾಡಬೇಕು ಅನ್ನೋದನ್ನು ಪ್ರಯಾಣದ ಕ್ರಮದಲ್ಲೇ ಬರೆಯುತ್ತೇನೆ.

ಹೊರಡುವ ಮುಂಚೆ: ಕಾನೂನು ಇಷ್ಟು ಗೊತ್ತಿರಲಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸಿದೆ. ಗುಂಡು ಹೊಡೆದು ಕೊಂದರೆ ಮಾತ್ರ ಬೇಟೆ ಅಂತ ತಿಳಿಯಬೇಡಿ. ಉರುಳು ಹಾಕುವುದು, ವಿಷ ಇಡುವುದು, ಆಮಿಷ ತೋರಿಸಿ ಕರೆಯುವುದು, ಅಟ್ಟಿಸಿಕೊಂಡು ಹೋಗುವುದು, ಗಾಯ ಮಾಡುವುದು, ಇವುಗಳಿಗೆ ಪ್ರಯತ್ನ ಪಡುವುದು ಎಲ್ಲವೂ ಕಾಯ್ದೆಯ ಪ್ರಕಾರ ಬೇಟೆಯೇ. ಹಾಗಾಗಿ ಕೋವಿ ಇಲ್ಲ, ಬರೀ ಬೊಲೆರೊದಲ್ಲಿ ಜಿಂಕೆ ಬೆನ್ನಟ್ಟಿ ಮೊಬೈಲ್‌ನಲ್ಲಿ ರೀಲ್ಸ್ ಮಾಡಿದೆ ಅಂದರೂ ಬಚಾವಾಗುವುದು ಕಷ್ಟ.

ಶಿಕ್ಷೆ ಹಗುರವಲ್ಲ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ದಂಡ ಏರಿದೆ. ಅಭಯಾರಣ್ಯದೊಳಗೆ ಬೇಟೆಯಾಡಿದರೆ, ಅಥವಾ ಕಾಡುಕೋಣದಂಥ, ಕಾಯ್ದೆ ಅತಿ ಹೆಚ್ಚು ರಕ್ಷಣೆ ಕೊಡುವ ಮೊದಲ ಪಟ್ಟಿಯ ಪ್ರಾಣಿಯನ್ನು ಎಲ್ಲೇ ಹೊಡೆದರೂ, 3ರಿಂದ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಕಾಡುಹಂದಿ ಈಗ ಎರಡನೇ ಪಟ್ಟಿಯಲ್ಲಿದೆ. ಅದಕ್ಕೂ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಆಗಬಹುದು. ಆದರೆ ಅದೇ ಹಂದಿಯನ್ನು ಮೊಲ್ಲೆಮ್ ಅಭಯಾರಣ್ಯದೊಳಗೆ ಹೊಡೆದರೆ ಲೆಕ್ಕ ಮೇಲಿನದೇ.

ಡ್ರೈವರ್‌ಗಳು ನೆನಪಿಟ್ಟುಕೊಳ್ಳಬೇಕಾದ ಒಂದು ಮಾತು 39ನೇ ಸೆಕ್ಷನ್‌ನಲ್ಲಿದೆ. ಬೇಟೆಗೆ ಬಳಸಿ ಸಿಕ್ಕಿಬಿದ್ದ ಗಾಡಿ ಸರ್ಕಾರದ ಪಾಲು. ಸಾಲ ಮಾಡಿ ತಂದ ಟಾಟಾ ಏಸ್ ಅನ್ನು ಯಾರದೋ ಒಂದು ರಾತ್ರಿಯ ಚಟಕ್ಕೆ ಒತ್ತೆ ಇಟ್ಟ ಹಾಗೆ. ಕಂತು ಮಾತ್ರ ನೀವು ಕಟ್ಟುತ್ತಲೇ ಇರಬೇಕು.

“ನಮ್ಮಜ್ಜನ ಕಾಲದಾಗ ಶಿಕಾರಿಗೆ ಲೈಸೆನ್ಸ್ ಕೊಡ್ತಿದ್ರು” ಅನ್ನುವವರು ಇರುತ್ತಾರೆ. ನಿಜ, ಕೊಡುತ್ತಿದ್ದರು. 1972ರ ಕಾಯ್ದೆ ಬಂದ ಹೊಸತರಲ್ಲೂ ಕೆಲವು ಪ್ರಾಣಿಗಳಿಗೆ ಲೈಸೆನ್ಸ್ ಇತ್ತು. ಆದರೆ ಅದೇ ಕಾಯ್ದೆಯ ಆಗಿನ 17ನೇ ಸೆಕ್ಷನ್ ಏನು ಹೇಳುತ್ತಿತ್ತು ಗೊತ್ತಾ? ಗಾಡಿಯಿಂದ ಹೊಡೆಯುವಂತಿಲ್ಲ. ಮೋಟಾರು ಗಾಡಿ ಬಳಸಿ ಪ್ರಾಣಿ ಬೆದರಿಸಿ ಓಡಿಸುವಂತಿಲ್ಲ. ದೊಡ್ಡ ಪ್ರಾಣಿಗಳನ್ನು ಕೃತಕ ಬೆಳಕು ಹಾಕಿ ಹೊಡೆಯುವುದಕ್ಕೂ ತಡೆ ಇತ್ತು. 1991ರ ತಿದ್ದುಪಡಿಯಲ್ಲಿ ಲೈಸೆನ್ಸ್ ಪದ್ಧತಿಯೇ ಹೋಯಿತು. ಅಂದರೆ ಶಿಕಾರಿ ಕಾನೂನುಬದ್ಧವಾಗಿದ್ದ ಕಾಲದಲ್ಲೂ ಜೀಪಿನಲ್ಲಿ ಕೂತು ಹೊಡೆಯುವವನಿಗೆ ಮರ್ಯಾದೆ ಇರಲಿಲ್ಲ. ಅಜ್ಜನ ಹೆಸರು ಹೇಳುವವರಿಗೆ ಇದನ್ನೂ ಹೇಳಿ.

ಈಗಲೂ ಬೇಟೆಗೆ ಪರವಾನಗಿ ಇರುವ ಅಮೆರಿಕದಲ್ಲಿ ಬಹುತೇಕ ರಾಜ್ಯಗಳು ಗಾಡಿಯೊಳಗಿಂದ ಹೊಡೆಯುವುದನ್ನು, ಸಾರ್ವಜನಿಕ ರಸ್ತೆಗೆ ಅಡ್ಡವಾಗಿ ಗುಂಡು ಹಾರಿಸುವುದನ್ನು ನಿಷೇಧಿಸಿವೆ. ಅಲ್ಲಿನ ವನ್ಯಜೀವಿ ಅಧಿಕಾರಿಗಳು ರಸ್ತೆ ಪಕ್ಕ ಬೊಂಬೆ ಜಿಂಕೆ ನಿಲ್ಲಿಸಿ ಕಾಯುತ್ತಾರೆ. ಟ್ರಕ್ ನಿಲ್ಲಿಸಿ ಬೊಂಬೆಗೆ ಗುಂಡು ಹೊಡೆದವನು ಅಲ್ಲೇ ಸಿಕ್ಕಿಬೀಳುತ್ತಾನೆ. ಓದಿ ನಗು ಬರುತ್ತದೆ, ಆದರೆ ರಸ್ತೆಬದಿಯ ಶಿಕಾರಿ ಎಷ್ಟು ಅವಸರದ, ಎಷ್ಟು ಕುರುಡು ಕೆಲಸ ಅನ್ನೋದು ಅದರಲ್ಲೇ ಗೊತ್ತಾಗುತ್ತದೆ. ಎದುರಿಗೆ ನಿಂತಿರುವುದು ಜೀವ ಇರುವುದೋ ಇಲ್ಲದ್ದೋ ಅಂತಲೂ ಅವನು ನೋಡುವುದಿಲ್ಲ.

ಗಾಡಿ ತಯಾರಿ, ವೇಗ

ಸಾಧ್ಯವಾದರೆ ಘಟ್ಟವನ್ನು ಹಗಲಿನಲ್ಲೇ ದಾಟಿ. ಸಂಜೆ ಕತ್ತಲಾಗುವ ಹೊತ್ತು ಮತ್ತು ನಸುಕು, ಇವೆರಡೂ ಪ್ರಾಣಿಗಳ ಓಡಾಟ ಹೆಚ್ಚು ಇರುವ ಸಮಯ. ಆಗಲ್ಲ, ರಾತ್ರಿಯೇ ಹೊರಡಬೇಕು ಅಂದರೆ ಮುಂದಿನ ಗಾಜನ್ನು ಒಳಗೂ ಹೊರಗೂ ಒರೆಸಿ. ಲೈಟಿನ ಗಾಜು ಹಳದಿ ಆಗಿದ್ದರೆ ಉಜ್ಜಿಸಿ. ಬೆಳಕು ಆಕಾಶ ನೋಡುತ್ತಿದ್ದರೆ ಗ್ಯಾರೇಜಿನಲ್ಲಿ ತಗ್ಗಿಸಿ. ಮೇಲೆ ಸಾಲಾಗಿ ಹೆಚ್ಚುವರಿ ಎಲ್‌ಇಡಿ ಲೈಟು ಕಟ್ಟಿಸುವುದು ಈಗ ಫ್ಯಾಷನ್. ಎದುರಿನ ಡ್ರೈವರ್‌ಗೂ ಅದರಿಂದ ಕಣ್ಣು ಕಾಣದು, ಪ್ರಾಣಿಗೂ ಕಾಣದು. ಬೇಡ.

ವೇಗದ ಲೆಕ್ಕವನ್ನು ಒಮ್ಮೆ ಕೂತು ಮಾಡಿ ನೋಡಿ. ಗಂಟೆಗೆ 80 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ಕಣ್ಣಿಗೆ ಬಿದ್ದು, ಮೆದುಳಿಗೆ ಹೊಳೆದು, ಕಾಲು ಬ್ರೇಕ್ ಒತ್ತುವುದಕ್ಕೆ ಒಂದೂವರೆ ಸೆಕೆಂಡ್ ಹಿಡಿದರೆ ಗಾಡಿ ಆಗಲೇ 33 ಮೀಟರ್ ಮುಂದೆ ಹೋಗಿರುತ್ತದೆ. ಒಣ ರಸ್ತೆ, ಒಳ್ಳೆ ಟೈರು ಇದ್ದರೂ ನಿಲ್ಲಲು ಇನ್ನೂ ಹೆಚ್ಚುಕಡಿಮೆ ಅಷ್ಟೇ ಬೇಕು. ಒಟ್ಟು ಸುಮಾರು 70 ಮೀಟರ್. ಡಿಪ್ ಲೈಟಿನಲ್ಲಿ ಸ್ಪಷ್ಟವಾಗಿ ಕಾಣುವ ರಸ್ತೆ ಅಷ್ಟು ಉದ್ದ ಇರುವುದಿಲ್ಲ. 40ರಲ್ಲಿ ಹೋದರೆ ಇದೇ ಲೆಕ್ಕ 26 ಮೀಟರ್ ಹತ್ತಿರ ಬರುತ್ತದೆ. ಮಳೆಗಾಲದಲ್ಲಿ ಎರಡೂ ಅಂಕಿ ಬೆಳೆಯುತ್ತವೆ.

ಎದುರಿಗೆ ಬರುವುದು ಮೊಲ ಆಗಿರಬಹುದು, ಕಾಡುಕೋಣವೂ ಆಗಿರಬಹುದು. ಗೋವಾದ ರಾಜ್ಯಪ್ರಾಣಿ ಅದು. ಬಲಿತ ಗಂಡು ಒಂದು ಟನ್ ಹತ್ತಿರ ತೂಗುತ್ತದೆ. ಮೈ ಕಪ್ಪು, ರಾತ್ರಿಯೂ ಕಪ್ಪು. ಲೈಟಿಗೆ ಮೊದಲು ಕಾಣುವುದು ಮೊಣಕಾಲಿನ ಕೆಳಗಿನ ಬಿಳಿ ಬಣ್ಣ. ರಸ್ತೆ ಮೇಲೆ ಗಾಳಿಯಲ್ಲಿ ನಾಲ್ಕು ಬಿಳಿ ಕಾಲುಚೀಲ ನಡೆದುಹೋಗುತ್ತಿರುವಂತೆ ಕಂಡರೆ ಅದರ ಮೇಲೆ ಒಂದು ಟನ್ ಮೈ ಇದೆ ಅಂತ ತಿಳಿದು ಬ್ರೇಕ್ ಒತ್ತಿ.

ಲೈಟಿಗೆ ಪ್ರಾಣಿ ನಿಂತಾಗ

ರಸ್ತೆಬದಿಯ ಶಿಕಾರಿ ನಡೆಯುವುದೇ ಒಂದು ಸಂಗತಿಯ ಮೇಲೆ. ರಾತ್ರಿ ತಿರುಗುವ ಎಷ್ಟೋ ಪ್ರಾಣಿಗಳ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಒಂದು ಪದರ ಇದೆ. ಒಳಗೆ ಬಂದ ಬೆಳಕನ್ನು ಅದು ಮತ್ತೊಮ್ಮೆ ವಾಪಸ್ ಕಳಿಸುತ್ತದೆ, ಹಾಗಾಗಿ ನಕ್ಷತ್ರದ ಬೆಳಕಿನಲ್ಲೂ ಅವಕ್ಕೆ ದಾರಿ ಕಾಣುತ್ತದೆ. ನಾವು ಲೈಟ್ ಬಿಟ್ಟಾಗ ಕಣ್ಣು ಹೊಳೆಯುವುದು ಅದರಿಂದಲೇ. ಕತ್ತಲಿಗೆ ಹೊಂದಿಕೊಂಡ ಆ ಕಣ್ಣಿಗೆ ಹೈ ಬೀಮ್ ಬಿದ್ದರೆ ಏನೂ ಕಾಣುವುದಿಲ್ಲ. ಗಾಡಿ ಎಷ್ಟು ದೂರ ಇದೆ, ಯಾವ ಕಡೆ ಓಡಬೇಕು, ಯಾವುದೂ ತಿಳಿಯದೆ ಕಡವೆ ನಿಂತಲ್ಲೇ ನಿಂತುಬಿಡುತ್ತದೆ.

ಬ್ಯಾಟರಿ ಹಿಡಿದು ಹೊಡೆಯುವವರು ಇದನ್ನೇ ಬಳಸಿಕೊಳ್ಳುತ್ತಾರೆ. ಹಳೆಯ ಶಿಕಾರಿಯಲ್ಲಿ, ಒಪ್ಪಿದರೂ ಒಪ್ಪದಿದ್ದರೂ, ಪ್ರಾಣಿಗೆ ಒಂದು ಅವಕಾಶ ಇತ್ತು. ಅದಕ್ಕೆ ವಾಸನೆ ಹತ್ತಬಹುದಿತ್ತು, ಕಿವಿ ನಿಮಿರಿಸಿ ಓಡಬಹುದಿತ್ತು. ಹೊಡೆಯುವವನು ನಡೆಯಬೇಕಿತ್ತು, ಕಾಯಬೇಕಿತ್ತು, ಬಹಳ ಸಲ ಬರಿಗೈಲಿ ಬರಬೇಕಿತ್ತು. ಗಾಡಿಯ ಲೈಟು ಅದನ್ನೆಲ್ಲ ಕಿತ್ತುಕೊಳ್ಳುತ್ತದೆ. ಕುರುಡಾಗಿ ನಿಂತದ್ದನ್ನು ಸೀಟಿನಲ್ಲಿ ಕೂತು ಹೊಡೆಯುವುದಕ್ಕೆ ನಾನಂತೂ ಶಿಕಾರಿ ಅನ್ನುವುದಿಲ್ಲ.

ಅದಕ್ಕಿಂತ ಕೆಟ್ಟದ್ದು ಗುಂಡು ತಗುಲಿದ ಮೇಲೆ ಆಗುವುದು. ಲೈಟಿನ ಬೆಳಕಿನಲ್ಲಿ ಕಾಣುವುದು ಎರಡು ಕಣ್ಣು, ಮಬ್ಬು ಮೈ. ಹೆಣ್ಣೋ ಗಂಡೋ, ಹಿಂದೆ ಮರಿ ಇದೆಯೋ, ಗೊತ್ತಾಗುವುದಿಲ್ಲ. ಅವಸರದ ಗುಂಡು ಹೊಟ್ಟೆಗೋ ತೊಡೆಗೋ ಬೀಳುತ್ತದೆ. ಪ್ರಾಣಿ ರಸ್ತೆಯ ಕೆಳಗಿನ ಇಳಿಜಾರಿಗೆ ಹಾರುತ್ತದೆ. ಗಾಯವಾದದ್ದನ್ನು ಹುಡುಕಿ ನೋವು ಮುಗಿಸಬೇಕು ಅನ್ನೋದು ಬೇಟೆಗಾರರೇ ಒಪ್ಪಿಕೊಂಡಿದ್ದ ಕಟ್ಟುಪಾಡು. ರಸ್ತೆಯವನಿಗೆ ಅಷ್ಟು ಹೊತ್ತು ಎಲ್ಲಿ? ಹಿಂದಿನಿಂದ ಇನ್ನೊಂದು ಗಾಡಿಯ ಬೆಳಕು ಕಂಡ ಕೂಡಲೇ ಅವನು ಹೊರಟುಬಿಡುತ್ತಾನೆ. ಕಡವೆ ಸಾಯಲು ದಿನಗಟ್ಟಲೆ ಹಿಡಿಯಬಹುದು.

ಈಗ ನಿಮ್ಮ ಕೆಲಸ. ಪ್ರಾಣಿ ಕಂಡ ಕೂಡಲೇ ವೇಗ ಇಳಿಸಿ, ಹೈ ಬೀಮ್‌ನಿಂದ ಡಿಪ್‌ಗೆ ಬನ್ನಿ. ಹಿಂದಿನವರಿಗೆ ಗೊತ್ತಾಗಲು ಡಬಲ್ ಇಂಡಿಕೇಟರ್ ಹಾಕಿ. ಸ್ಟೇರಿಂಗ್ ಜೋರಾಗಿ ಎಳೆಯಬೇಡಿ. ಘಟ್ಟದಲ್ಲಿ ಒಂದು ಕಡೆ ಗೋಡೆ, ಇನ್ನೊಂದು ಕಡೆ ಕಂದರ. ಪ್ರಾಣಿ ತಪ್ಪಿಸಲು ಹೋಗಿ ಗಾಡಿಯೇ ಕೆಳಗೆ ಉರುಳಿದರೆ ಏನು ಬಂತು? ನಿಮ್ಮ ಸಾಲಿನಲ್ಲೇ ನೇರವಾಗಿ ಬ್ರೇಕ್ ಒತ್ತಿ. ದೂರದಲ್ಲೇ ನಿಂತು, ಡಿಪ್ ಲೈಟಿನಲ್ಲಿ ಸ್ವಲ್ಪ ಕಾಯಿರಿ. ಕಣ್ಣಿಗೆ ಬೆಳಕು ಕಡಿಮೆ ಬಿದ್ದರೆ ಅದಕ್ಕೆ ದಾರಿ ತಿಳಿಯುತ್ತದೆ, ತಾನಾಗಿ ಹೋಗುತ್ತದೆ. ಹಾರ್ನ್ ಬಾರಿಸುತ್ತಾ ಹತ್ತಿರ ಹೋಗಬೇಡಿ. ಕಾಡುಕೋಣಕ್ಕಂತೂ ಬೇಡವೇ ಬೇಡ.

ಒಂದು ದಾಟಿತು ಅಂತ ಗೇರ್ ಹಾಕಿ ಹೊರಡಬೇಡಿ. ಹಂದಿ, ಕಡವೆ, ಕಾಡುಕೋಣ ಒಂದರ ಹಿಂದೆ ಒಂದು ಬರುತ್ತವೆ. ಹಂದಿಮರಿಗಳು ತಾಯಿಯ ಹಿಂದೆ ಸಾಲುಗಟ್ಟಿ ಓಡುತ್ತವೆ, ಕೊನೆಯದಕ್ಕೆ ಯಾವಾಗಲೂ ಅವಸರ. ಗಾಜು ಏರಿಸಿಯೇ ಇರಿ. ಇಳಿಯಬೇಡಿ, ಫೋಟೊಕ್ಕೆ ಫ್ಲ್ಯಾಷ್ ಹಾಕಬೇಡಿ, ಬಿಸ್ಕತ್ತು ಎಸೆಯಬೇಡಿ. ಈ ಬಿಸ್ಕತ್ತಿನ ವಿಷಯಕ್ಕೆ ಹಗಲಿನವರೂ ಕಿವಿ ಕೊಡಬೇಕು. ಅನ್ಮೋಡ, ಚೋರ್ಲಾ, ಮಹಾರಾಷ್ಟ್ರ ಕಡೆಯ ಅಂಬೋಲಿ ಘಟ್ಟ ಎಲ್ಲಾ ಕಡೆ ಮಂಗಗಳಿಗೆ ಬಾಳೆಹಣ್ಣು ಕೊಟ್ಟು ಪುಣ್ಯ ಕಟ್ಟಿಕೊಳ್ಳುವವರು ಇದ್ದಾರೆ. ಗಾಡಿ ನಿಂತರೆ ತಿನ್ನಲು ಸಿಗುತ್ತದೆ ಅಂತ ಕಲಿತ ಮಂಗ ನಿಲ್ಲದ ಗಾಡಿಯ ಕೆಳಗೂ ಓಡಿ ಬರುತ್ತದೆ.

ಜೊತೆಯಲ್ಲಿದ್ದವರೇ “ಹೊಡಿಯೋಣ” ಅಂದರೆ

ಇದು ಎಲ್ಲಕ್ಕಿಂತ ಕಷ್ಟದ ಭಾಗ. ಹೊಡೆಯೋಣ ಅನ್ನುವವರು ಹೊರಗಿನವರಲ್ಲ. ಹೆಂಡತಿಯ ಅಣ್ಣ, ಊರಿನ ಕಾಕಾ, ಕೆಲಸ ಕೊಡಿಸಿದ ಸಾಹುಕಾರ. ಮುಖದ ಮೇಲೆ ಇಲ್ಲ ಅನ್ನೋದು ನಮ್ಮಲ್ಲಿ ಸುಲಭವಲ್ಲ, ಅಲ್ವಾ?

ಸುಲಭದ ದಾರಿ ಹೊರಡುವ ಮುಂಚೆಯೇ ಹೇಳುವುದು. “ಕಾಕಾ, ಬೆಳೆ ಕಾಯೋ ಬಂದೂಕು ಊರಾಗ ಇರ್ಲಿ. ನನ್ನ ಗಾಡ್ಯಾಗ ಬ್ಯಾಡ. ಚೆಕ್‌ಪೋಸ್ಟ್‌ನ್ಯಾಗ ನನಗ ಉತ್ತರ ಹೇಳಾಕ ಆಗೂದಿಲ್ಲ.” ಇಷ್ಟು ಸಾಕು. ಚೆಕ್‌ಪೋಸ್ಟ್ ನೆಪ ಸುಳ್ಳೂ ಅಲ್ಲ. ಮೊಲ್ಲೆಮ್, ಅನ್ಮೋಡ, ಚೋರ್ಲಾ ದಾರಿಯ ಕೇರಿ ಊರಿನಲ್ಲಿ ಡಿಕ್ಕಿ ತೆಗೆಸುತ್ತಾರೆ. ಹುಡುಕುವುದು ಬಾಟಲಿಯನ್ನೇ ಆದರೂ ಕೋವಿ ಕಣ್ಣಿಗೆ ಬಿದ್ದರೆ ಸುಮ್ನೆ ಬಿಡುವುದಿಲ್ಲ. ಬೆಳೆ ರಕ್ಷಣೆಗೆ ಕೊಟ್ಟ ಲೈಸೆನ್ಸ್ ಹೊಲ ಕಾಯುವುದಕ್ಕೆ, ರಾಜ್ಯದ ಗಡಿ ದಾಟಿ ಅಭಯಾರಣ್ಯದ ರಸ್ತೆಯಲ್ಲಿ ತಿರುಗುವುದಕ್ಕಲ್ಲ.

ದಾರಿಯಲ್ಲೇ ಮಾತು ಬಂದರೆ ಗಾಡಿ ನಿಲ್ಲಿಸಬೇಡಿ. ವಾದ ಬೇಡ, ಉಪದೇಶವೂ ಬೇಡ. “ಹಿಂದ ಗಾಡಿ ಬರಾಕತ್ತಾವ, ಇಲ್ಲಿ ನಿಂದ್ರಾಕ ಆಗೂದಿಲ್ಲ” ಅಂದು ಹೋಗುತ್ತಲೇ ಇರಿ. ಸ್ಟೇರಿಂಗ್ ನಿಮ್ಮ ಕೈಯಲ್ಲಿರುವ ತನಕ ಗುಂಡು ಹಾರುವುದಿಲ್ಲ. ನೀವು ಕ್ಲೀನರ್, ಗಾಡಿ ಮಾಲೀಕನದು ಅಂದರೆ ಕಷ್ಟ ಜಾಸ್ತಿ, ಒಪ್ಪುತ್ತೇನೆ. ಆದರೂ ಬ್ಯಾಟರಿ ಹಿಡಿಯುವ ಕೆಲಸ, ಬಿದ್ದದ್ದನ್ನು ಎಳೆದು ತರುವ ಕೆಲಸ ನಿಮ್ಮ ತಲೆಗೇ ಬರುವುದು. ಕೇಸ್ ಆದರೆ ಬ್ಯಾಟರಿ ಹಿಡಿದವನನ್ನೂ ಆರೋಪಿ ಮಾಡುತ್ತಾರೆ. “ನನಗೆ ಮೈ ಹುಷಾರಿಲ್ಲ, ರಾಮನಗರದಲ್ಲಿ ಇಳಿಸಿ” ಅನ್ನಿ. ಒಂದು ದಿನದ ಕೂಲಿ ಹೋದರೆ ಹೋಗಲಿ.

ಗುಂಡು ಎಲ್ಲಿಗೆ ಹೋಗುತ್ತದೆ

“ಕಾಡಿನಲ್ಲಿ ಯಾರಿರುತ್ತಾರೆ?” ಅನ್ನೋದು ತಪ್ಪು ಲೆಕ್ಕ. ಚಿಕ್ಕ .22 ರೈಫಲ್ಲಿನ ಗುಂಡೂ ಒಂದು ಕಿಲೋಮೀಟರ್ ದಾಟಿ ಹೋಗಬಲ್ಲದು. ಬಂಡೆಗೋ ರಸ್ತೆಯ ಡಾಂಬರಿಗೋ ಬಡಿದರೆ ಯಾವ ಕಡೆ ಚಿಮ್ಮುತ್ತದೆ ಅಂತ ಹೊಡೆದವನಿಗೂ ಗೊತ್ತಾಗದು. ರಸ್ತೆ ಮೇಲಿಂದ ಇಳಿಜಾರಿಗೆ ಹೊಡೆದ ಗುಂಡಿಗೆ ಹಿಂದೆ ಮಣ್ಣಿನ ಗೋಡೆ ಇರುವುದಿಲ್ಲ, ಕತ್ತಲು ಇರುತ್ತದೆ. ಆ ಕತ್ತಲಲ್ಲಿ ಮನೆಗಳಿವೆ.

ಗೋವಾದ ಗುಡ್ಡಗಳನ್ನು ಮಾರ್ಚ್‌ನಿಂದ ಮೇ ತನಕ ನೋಡಬೇಕು. ಗೇರು ಹಣ್ಣಿನ ಕಾಲ. ಹಣ್ಣು ತುಳಿದು, ರಸ ಕೊಳೆಸಿ, ಫೆನಿ ಬಟ್ಟಿ ಇಳಿಸುವ ಭಟ್ಟಿಗಳು ಗುಡ್ಡದ ತೋಟದಲ್ಲೇ ಇರುತ್ತವೆ. ಬೆಂಕಿ ಕಾಯುತ್ತಾ ಜನ ರಾತ್ರಿ ಅಲ್ಲೇ ಮಲಗುತ್ತಾರೆ. ಆ ತೋಟಗಳಲ್ಲಿ ಹಣ್ಣು ಆರಿಸುವ ಕೂಲಿಯವರಲ್ಲಿ ನಮ್ಮ ಕಡೆಯವರೂ ಇದ್ದಾರೆ. ಬಯಲಿಗೆ ಹೋದವರು, ಹೊಲ ಕಾಯುವವರು, ನಸುಕಿನಲ್ಲಿ ಹಾಲಿಗೆ ಹೊರಟವರು, ಎಲ್ಲರ ಕೈಯಲ್ಲೂ ಬ್ಯಾಟರಿ. ಪೊದೆಯ ಹಿಂದೆ ಏನೋ ಅಲುಗಿತು, ಹಂದಿ ಅಂದುಕೊಂಡು ಹೊಡೆದರು, ನೋಡಿದರೆ ಮನುಷ್ಯ ಬಿದ್ದಿದ್ದಾನೆ. ಮಲೆನಾಡಿನಲ್ಲಿ, ಗೋವಾದಲ್ಲಿ, ಕೊಂಕಣದಲ್ಲಿ ಈ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಸತ್ತವನು ಹೆಚ್ಚಾಗಿ ಶಿಕಾರಿಗೆ ಜೊತೆಯಲ್ಲಿ ಹೋದವನೇ.

ಗಾಡಿಯೊಳಗೆ ಲೋಡ್ ಮಾಡಿಟ್ಟ ಕೋವಿಯ ಮಾತು ಬೇರೆಯೇ. ಗಾಡಿ ರಸ್ತೆಯ ಒಂದು ಗುಂಡಿಗೆ ಬಿದ್ದರೆ ಸಾಕು, ಅದು ಸಿಡಿಯಬಹುದು. ಅದರಲ್ಲೂ ನಾಡಕೋವಿ ಆದರೆ ಮುಂದಿನಿಂದ ಸಿಡಿಯುತ್ತದೋ ಹಿಂದಿನಿಂದಲೋ ದೇವರೇ ಬಲ್ಲ.

ಇನ್ನೊಂದು ಎಚ್ಚರ: ರಸ್ತೆ ಪಕ್ಕ, ಹೊಲದ ಬದುವಿನಲ್ಲಿ ಹಿಟ್ಟಿನ ಉಂಡೆಯಂಥದ್ದು, ದಾರ ಸುತ್ತಿದ ಗಂಟು ಕಂಡರೆ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಹಂದಿಗೆ ಇಟ್ಟ ನಾಡಬಾಂಬ್ ಆಗಿರಬಹುದು. ಕಚ್ಚಿದರೆ, ಜೋರಾಗಿ ಒತ್ತಿದರೆ ಸಿಡಿಯುತ್ತದೆ. ಹಂದಿಗಿಂತ ಮುಂಚೆ ನಾಯಿ, ದನ ಅದನ್ನು ಕಚ್ಚುತ್ತವೆ.

ದಾರಿಯಲ್ಲಿ ಬೇರೆಯವರ ಶಿಕಾರಿ ಕಂಡರೆ

ಲೈಟ್ ಆರಿಸಿ ನಿಂತ ಜೀಪು. ಕಾಡಿನ ಕಡೆಗೆ ಅತ್ತಿತ್ತ ತಿರುಗುವ ಚೂಪಾದ ಬೆಳಕು. ತೀರಾ ನಿಧಾನವಾಗಿ ಹೋಗುವ ಗಾಡಿ, ಮೇಲೆ ನಿಂತ ಇಬ್ಬರು. ಆಮೇಲೆ ಒಂದು ಸದ್ದು. ಹೀಗೆ ಕಂಡರೆ ಹೀರೊ ಆಗಲು ಹೋಗಬೇಡಿ. ಅವರ ಹತ್ತಿರ ಕೋವಿ ಇದೆ, ನಿಮ್ಮ ಹತ್ತಿರ ಇಲ್ಲ. ನಿಲ್ಲಿಸಬೇಡಿ, ಅವರ ಮುಖಕ್ಕೆ ಲೈಟ್ ಬಿಡಬೇಡಿ, ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಾ ಹೋಗಬೇಡಿ. ಮಾಮೂಲಿ ವೇಗದಲ್ಲಿ ದಾಟಿ.

ದಾಟುವಾಗ ಗಾಡಿಯ ನಂಬರ್ ನೋಡಿಕೊಳ್ಳಿ. ಪೂರ್ತಿ ಸಿಗದಿದ್ದರೆ ಕೊನೆಯ ನಾಲ್ಕು ಅಂಕಿ, ಬಣ್ಣ, ಗಾಡಿಯ ಜಾತಿ. ಮುಂದೆ ಸಿಗುವ ಕಿಲೋಮೀಟರ್ ಕಲ್ಲಿನ ಸಂಖ್ಯೆ. ಗಂಟೆ ಎಷ್ಟು, ಅವರು ಯಾವ ಕಡೆ ಮುಖ ಮಾಡಿದ್ದರು, ಎಷ್ಟು ಸದ್ದು ಕೇಳಿತು. ಪಕ್ಕದಲ್ಲಿ ಕೂತವರು ಇದನ್ನು ಕೂಡಲೇ ಬರೆದುಕೊಳ್ಳಲಿ, ಹತ್ತು ನಿಮಿಷದಲ್ಲಿ ಮರೆಯುತ್ತದೆ. ಘಟ್ಟದಲ್ಲಿ ಬಹಳ ಕಡೆ ಸಿಗ್ನಲ್ ಇರುವುದಿಲ್ಲ. ಸಿಕ್ಕಿದ ಕೂಡಲೇ 112ಕ್ಕೆ ಫೋನ್ ಮಾಡಿ. ಗೋವಾ, ಕರ್ನಾಟಕ, ಮಹಾರಾಷ್ಟ್ರ ಮೂರರಲ್ಲೂ ಅದು ನಡೆಯುತ್ತದೆ. ಅಂಬೋಲಿ ಮೇಲೆ ಪುಣೆ, ಕೊಲ್ಹಾಪುರದ ಕಡೆ ಹೋಗುವವರು ಮಹಾರಾಷ್ಟ್ರ ಅರಣ್ಯ ಇಲಾಖೆಯ 1926 ನಂಬರನ್ನೂ ಇಟ್ಟುಕೊಳ್ಳಿ. ಮುಂದಿನ ಚೆಕ್‌ಪೋಸ್ಟ್‌ನಲ್ಲಿ ಬಾಯಿಮಾತಿನಲ್ಲಿ ಹೇಳಿದರೂ ಆಗುತ್ತದೆ. ಕೊಂಕಣಿ ಬರದಿದ್ದರೆ ಹಿಂದಿ ಸಾಕು. ಚೋರ್ಲಾ ಕಡೆಯ ಗೋವಾದವರಿಗೆ ಮರಾಠಿ ಚೆನ್ನಾಗಿ ಬರುತ್ತದೆ, ಬೆಳಗಾವಿಯವರಿಗೆ ಅದೇನು ಹೊಸದಲ್ಲ.

ಆದದ್ದನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಆ ಗುಂಪಿನಲ್ಲಿ ಜೀಪಿನವನ ಭಾವಮೈದುನನೂ ಇರುತ್ತಾನೆ.

ಗಾಡಿಗೆ ಪ್ರಾಣಿ ಬಡಿದರೆ

ಡಬಲ್ ಇಂಡಿಕೇಟರ್ ಹಾಕಿ, ತಿರುವಿನಲ್ಲಿ ನಿಲ್ಲದೆ ಸ್ವಲ್ಪ ಮುಂದೆ ನೇರ ಜಾಗದಲ್ಲಿ ನಿಲ್ಲಿಸಿ. ಮೊದಲು ನಿಮ್ಮವರನ್ನು ನೋಡಿ. ಪ್ರಾಣಿಗೆ ಜೀವ ಇದ್ದರೆ ಹತ್ತಿರ ಹೋಗಬೇಡಿ. ನೋವಿನಲ್ಲಿರುವ ಹಂದಿ ಕೋರೆಯಿಂದ ತೊಡೆ ಸೀಳಬಲ್ಲದು. ನೀರು ಕುಡಿಸಲು, ಎತ್ತಿ ಬದಿಗೆ ಹಾಕಲು ಹೋಗುವುದು ಒಳ್ಳೆ ಮನಸ್ಸೇ, ಆದರೆ ಬೇಡ. 112ಕ್ಕೆ ಫೋನ್ ಮಾಡಿ, ಅರಣ್ಯದವರಿಗೆ ತಿಳಿಸಲು ಹೇಳಿ. ಹಿಂದಿನ ಗಾಡಿಗಳಿಗೆ ಬ್ಯಾಟರಿ ತೋರಿಸಿ ಎಚ್ಚರಿಸಿ.

ಸತ್ತಿದ್ದರೆ ಅದು ನಿಮ್ಮದಲ್ಲ. ತಪ್ಪಿನಿಂದ ಸತ್ತ ವನ್ಯಪ್ರಾಣಿಯೂ ಸರ್ಕಾರದ ಸ್ವತ್ತು ಅಂತ ಅದೇ 39ನೇ ಸೆಕ್ಷನ್ ಹೇಳುತ್ತದೆ. ಅಂಥದ್ದು ಕೈಗೆ ಬಂದರೆ 48 ಗಂಟೆಯೊಳಗೆ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು. “ಹೆಂಗೂ ಸತ್ತೈತಿ, ಸುಮ್ನ ಯಾಕ ಬಿಡೂದು” ಅಂತ ಡಿಕ್ಕಿಗೆ ಹಾಕಿಕೊಂಡರೆ ಅಪಘಾತ ಹೋಗಿ ಬೇಟೆಯ ಕೇಸ್ ಆಗುತ್ತದೆ. ಗಾಡಿಗೆ ಬಡಿದದ್ದೋ ಬೇಕಂತಲೇ ಹೊಡೆದದ್ದೋ ಅಂತ ಡಿಕ್ಕಿಯಲ್ಲಿರುವ ಹಂದಿ ಹೇಳುವುದಿಲ್ಲ.

ಗಾಡಿಯ ಫೋಟೊ, ಜಾಗದ ಫೋಟೊ ತೆಗೆದುಕೊಳ್ಳಿ. ದೂರು ದಾಖಲಿಸಿ ಪ್ರತಿ ಕೇಳಿ, ಇನ್ಶೂರೆನ್ಸ್‌ಗೆ ಅದು ಬೇಕಾಗುತ್ತದೆ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ನಿಮ್ಮ ಬಂಪರಿನ ಖರ್ಚು ನಿಮ್ಮದೇ.

“ಕಾಡಿನ ಮಾಲು ಬೇಕೇನ್ರಿ?”

ರಸ್ತೆಬದಿಯ ಶಿಕಾರಿ ನಿಲ್ಲದಿರಲು ಕಾರಣ ಕೊಳ್ಳುವವರು. ಪರಿಚಯದ ಢಾಬಾದಲ್ಲಿ, ಹಬ್ಬದ ಹಿಂದಿನ ದಿನ, ಧ್ವನಿ ತಗ್ಗಿಸಿ ಕೇಳುತ್ತಾರೆ. ಹೊಡೆದವರು ಬೇರೆ, ನಾನು ದುಡ್ಡು ಕೊಟ್ಟು ತಿಂದೆ ಅಷ್ಟೇ ಅನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಕಾಡುಪ್ರಾಣಿಯ ಮಾಂಸ ನಿಮ್ಮ ಹತ್ತಿರ ಸಿಕ್ಕರೆ ಅದು ಕಾನೂನು ಮೀರಿ ಬಂದದ್ದಲ್ಲ ಅಂತ ತೋರಿಸುವ ಹೊಣೆ ನಿಮ್ಮ ಮೇಲೇ ಬರುತ್ತದೆ. ಮಸಾಲೆ ಹಾಕಿ ಬೇಯಿಸಿದರೆ ಗೊತ್ತಾಗದು ಅನ್ನೋದೂ ಹಳೇ ಮಾತು. ಹೈದರಾಬಾದಿನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ವನ್ಯಜೀವಿ ಪ್ರಯೋಗಾಲಯ ಲಾಕೋನ್ಸ್ ಡಿಎನ್‌ಎ ನೋಡಿ ಯಾವ ಪ್ರಾಣಿ ಅಂತ ಹೇಳುತ್ತದೆ, ಬೇಯಿಸಿದ ತುಂಡಿನಿಂದಲೂ ಹೇಳುತ್ತದೆ.

ಆರೋಗ್ಯದ ಮಾತು ಬೇರೆ ಇದೆ. ಆ ಪ್ರಾಣಿ ಯಾವಾಗ ಸತ್ತಿತು, ಗುಂಡಿಗೋ ವಿಷಕ್ಕೋ, ಮೂರು ದಿನ ಹಳ್ಳದಲ್ಲಿ ಬಿದ್ದಿತ್ತೋ, ಯಾರೂ ಹೇಳುವುದಿಲ್ಲ. ಕಾಡುಹಂದಿಯಲ್ಲಿ ಮನುಷ್ಯರಿಗೆ ದಾಟುವ ಹುಳುಗಳಿರುತ್ತವೆ. ಸೀಸದ ಗುಂಡಿನ ಚೂರುಗಳು ಮಾಂಸದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣಗೆ ಹರಡಿರುತ್ತವೆ. ತೊಳೆದರೆ ಹೋಗುವುದಿಲ್ಲ, ಮಕ್ಕಳಿಗೆ ಅದು ಇನ್ನೂ ಕೆಟ್ಟದ್ದು.

ಮೊದಲ ಮಳೆಯ ರಾತ್ರಿ

ಗೋವಾದ ರಸ್ತೆಯಲ್ಲಿ ನಡೆಯುವ ಇನ್ನೊಂದು ಶಿಕಾರಿಯನ್ನು ಹೊರಗಿನವರು ಶಿಕಾರಿ ಅಂತ ಎಣಿಸುವುದೇ ಇಲ್ಲ. ಕೋವಿ ಬೇಡ, ಜೀಪೂ ಬೇಡ. ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಗದ್ದೆಗಳ ನಡುವಿನ ರಸ್ತೆಗಳಲ್ಲಿ ಬೈಕುಗಳು ನಿಧಾನವಾಗಿ ಓಡಾಡುತ್ತವೆ. ಹಿಂದೆ ಕೂತವನ ಕೈಯಲ್ಲಿ ಬ್ಯಾಟರಿ, ಇನ್ನೊಂದು ಕೈಯಲ್ಲಿ ಗೋಣಿಚೀಲ. ಹುಡುಕುವುದು ಕಪ್ಪೆಯನ್ನು. ಬಾರುಗಳಲ್ಲಿ ಇದಕ್ಕೆ ಜಂಪಿಂಗ್ ಚಿಕನ್ ಅನ್ನುತ್ತಾರೆ.

ಮಣ್ಣಿನಡಿ ಅಡಗಿದ್ದ ದೊಡ್ಡ ಕಪ್ಪೆಗಳು ಆ ರಾತ್ರಿಯೇ ಹೊರಗೆ ಬರುತ್ತವೆ. ಉಳಿದ ದಿನ ಪಾಚಿ ಬಣ್ಣದ ಗಂಡು ಆಗ ನಿಂಬೆಹಣ್ಣಿನ ಹಳದಿ ಆಗಿರುತ್ತದೆ. ಕೂಗುವಾಗ ಗಂಟಲಿನ ಎರಡೂ ಬದಿಯಲ್ಲಿ ನೀಲಿ ಚೀಲಗಳು ಉಬ್ಬುತ್ತವೆ. ಹೆಣ್ಣನ್ನು ಕರೆಯಲು ತೊಟ್ಟ ವೇಷ ಅದು, ಬ್ಯಾಟರಿಗೂ ಅಷ್ಟೇ ಚೆನ್ನಾಗಿ ಕಾಣುತ್ತದೆ. ಬೆಳಕು ಬಿದ್ದ ಕಪ್ಪೆಯೂ ಕಡವೆಯ ಹಾಗೆ ಕದಲದೆ ಕೂರುತ್ತದೆ, ಕೈ ಹಾಕಿ ಎತ್ತಿಕೊಳ್ಳುವುದು ಅಷ್ಟೇ. ಮೊಟ್ಟೆ ಇಡುವ ಮುಂಚೆಯೇ ಚೀಲ ಸೇರುವುದರಿಂದ ಆ ವರ್ಷದ ಮರಿಗಳೂ ಇಲ್ಲ. ಗದ್ದೆಯ ಹುಳ, ಏಡಿ ತಿನ್ನುವವರು ಯಾರು ಹಾಗಾದರೆ? ಭಾರತ 1987ರಲ್ಲೇ ಕಪ್ಪೆ ಕಾಲಿನ ರಫ್ತು ನಿಲ್ಲಿಸಿತು. ಹಿಡಿಯುವುದು, ಮಾರುವುದು, ಬಡಿಸುವುದು ಕಾನೂನಿನ ಪ್ರಕಾರ ಅಪರಾಧ, ಮಳೆಗಾಲ ಬಂದರೆ ಗೋವಾ ಅರಣ್ಯ ಇಲಾಖೆ ಇದಕ್ಕೆಂದೇ ಗಸ್ತು ಹಾಕುತ್ತದೆ.

ಆ ರಾತ್ರಿಗಳಲ್ಲಿ ಗದ್ದೆ ಬದಿಯ ರಸ್ತೆಯಲ್ಲಿ ಗಾಡಿ ತೀರಾ ನಿಧಾನಕ್ಕೆ ಓಡಿಸಿ. ಹೋಟೆಲಿನಲ್ಲಿ ಕೆಲಸ ಮಾಡುವ ನಮ್ಮ ಹುಡುಗರಿಗೆ ಒಂದು ಮಾತು: ಸಾಹುಕಾರ ಕಳಿಸಿದ ಅಂತ ಚೀಲ ಹೊತ್ತುಕೊಂಡು ಹೋಗಬೇಡಿ. ಗಸ್ತಿನವರಿಗೆ ರಸ್ತೆಯಲ್ಲಿ ಸಿಗುವುದು ಚೀಲ ಹೊತ್ತವನು, ಗಲ್ಲಾದ ಮೇಲೆ ಕೂತವನಲ್ಲ.

ಊರು ಮುಟ್ಟಿದ ಮೇಲೆ: ಹೊಲಕ್ಕೆ ಹಂದಿ ಬಿದ್ದರೆ

ರೈತನ ಕಡೆಯಿಂದಲೂ ನೋಡಬೇಕು. ಒಂದು ರಾತ್ರಿಯಲ್ಲಿ ಹಂದಿ ಹಿಂಡು ಅರ್ಧ ಎಕರೆ ಕಬ್ಬು ಮಲಗಿಸಿ ಹೋದರೆ ಯಾರಿಗೂ ಸಿಟ್ಟು ಬರುತ್ತದೆ. ಆದರೆ ಆ ಸಿಟ್ಟಿಗೂ ರಸ್ತೆಯಲ್ಲಿ ಸಿಕ್ಕಿದ್ದನ್ನು ಹೊಡೆಯುವುದಕ್ಕೂ ಸಂಬಂಧ ಇಲ್ಲ. ರಸ್ತೆಯಲ್ಲಿ ಸತ್ತ ಹಂದಿ ನಿಮ್ಮ ಹೊಲದ್ದೇ ಅನ್ನೋಕೆ ಏನು ಆಧಾರ? ಸಿಟ್ಟು ಎಲ್ಲಿಗೆ ಮುಟ್ಟುತ್ತದೆ ಅನ್ನೋದಕ್ಕೆ ಗೋವಾದ ಸತ್ತರಿ ತಾಲ್ಲೂಕನ್ನೇ ನೋಡಿ. ದನ ಹಿಡಿದ ಕೋಪಕ್ಕೆ ಇಟ್ಟ ವಿಷದಿಂದ 2020ರ ಜನವರಿಯಲ್ಲಿ ಗೊಳಾವಲಿ ಹತ್ತಿರ ಒಂದು ಹೆಣ್ಣು ಹುಲಿ, ಅದರ ಮೂರು ಮರಿ ಸತ್ತವು.

ಬೆಳೆ ಹಾಳಾದರೆ ಕಬ್ಬು ಎತ್ತುವ ಮುಂಚೆ ಫೋಟೊ ತೆಗೆಯಿರಿ. ಹೆಜ್ಜೆ ಗುರುತು ಕಾಣುವಂತೆ ಒಂದು, ಹೊಲದ ಪೂರ್ತಿ ನೋಟ ಒಂದು. ಪಹಣಿ, ಬ್ಯಾಂಕ್ ಪಾಸ್‌ಬುಕ್ ಪ್ರತಿ ಇಟ್ಟು ವಲಯ ಅರಣ್ಯಾಧಿಕಾರಿ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ತಡ ಮಾಡಬೇಡಿ, ಸ್ವೀಕೃತಿ ತೆಗೆದುಕೊಳ್ಳದೆ ಬರಬೇಡಿ. ಎರಡನೇ ಪಟ್ಟಿಯ ಪ್ರಾಣಿ ಜೀವಕ್ಕೋ ಬೆಳೆಗೋ ನಿಜವಾಗಿ ಅಪಾಯ ಅನಿಸಿದರೆ ಅದನ್ನು ಹೊಡೆಯಲು ಲಿಖಿತ ಅನುಮತಿ ಕೊಡುವ ಅಧಿಕಾರ 11ನೇ ಸೆಕ್ಷನ್‌ನಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರಿಗೆ, ಅವರು ನೇಮಿಸಿದ ಅಧಿಕಾರಿಗೆ ಇದೆ. ಕಾಗದದಲ್ಲಿ ಜಾಗದ ಹೆಸರು, ಕಾರಣ, ಸಹಿ ಇರಬೇಕು. “ಸಾಹೇಬ್ರು ಹೂಂ ಅಂದಾರ” ಅನ್ನೋದು ಅನುಮತಿ ಅಲ್ಲ.